ಅಗಸಿಯ ಮುಂದಿನ ಎಣಿಕೆ

ಫೆಬ್ರವರಿ ೧೨, ಗುರುವಾರ

ವಿದ್ಯುತ್ ಬಸ್ಸಿನ ಅಧ್ಯಯನಕ್ಕೆಂದು ಮೂರು ವಾರ ಮೋಟೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಬೆಳಗಿನ ಐದಕ್ಕೆ ಬ್ಯಾಡಗಿಗೆ ಹೋಗುವವರೇ ಇಲ್ಲ ಎಂದು ಬರೆದವಳು ನಾನೇ. ಅದು ಇನ್ನೂ ಚುಚ್ಚುತ್ತದೆ. ಮೆಣಸಿನಕಾಯಿ ತೊಟ್ಟು ಮುರಿಯಲು ದಿನಾ ಅಲ್ಲಿಗೆ ಹೋಗುವ ಅವ್ವ ಅದನ್ನು ಕೇಳಿ ನಕ್ಕಿದ್ದಳು.

"ಬಸ್ಸ ಇಲ್ಲದ ಹೊತ್ತಿಗೆ ಸ್ಟ್ಯಾಂಡಿಗೆ ಯಾರ ಬರ್ತಾರ ಯವ್ವಾ? ನಾವೆಲ್ಲಾ ಊರ ಅಗಸಿ ಮುಂದ ಟಂಟಂ ಹತ್ತತೀವಿ."

ಐದಕ್ಕೆ ಅಗಸಿಗೆ, ಊರ ಹೆಬ್ಬಾಗಿಲಿಗೆ, ಹೋಗಿ ಎಣಿಸಿದರೆ ನೂರಾ ಹನ್ನೆರಡು ಹೆಂಗಸರು, ಹೊಗೆ ಕಾರುವ ಒಂಬತ್ತು ಟಂಟಂ ಆಟೊ.

ಇವತ್ತು ಹಾವೇರಿಯ ಸಾರಿಗೆ ಅಧಿಕಾರಿಗಳ ಸಭೆ ಒಪ್ಪಿತು: ಮೊದಲ ವಿದ್ಯುತ್ ಬಸ್ಸು ಐದಕ್ಕೇ, ಅಗಸಿಯಿಂದಲೇ. ವರದಿಯ ಸಂಶೋಧಕರ ಪಟ್ಟಿಯಲ್ಲಿ ನನ್ನ ಹೆಸರಿಗಿಂತ ಮೇಲೆ ಅವ್ವನ ಹೆಸರು, ಮೈಲವ್ವ ಎಂದಿದೆ. ಅವ್ವನಿಗೆ ತೋರಿಸಿದೆ.

"ತಡಿ, ಕೈ ಖಾರ ಆಗ್ಯಾವ."

ಸಾಬೂನು ಹಚ್ಚಿ ಎರಡು ಸಲ ತೊಳೆದುಕೊಂಡು ಬಂದು, ಆಮೇಲೆ ತನ್ನ ಹೆಸರಿನ ಮೇಲೆ ಬೆರಳಿಟ್ಟಳು.