ಚಾವಿಯ ಚೀಟಿಗಳು

ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ನಮ್ಮ ನಿಘಂಟಿನ ನಾಲ್ಕನೇ ಸಂಪುಟ ಅಚ್ಚಾಗಿದೆ. ಬೈಂಡಿಂಗ್ ಮಾತ್ರ ಬಾಕಿ. ಬೆಳಿಗ್ಗೆ ಪ್ರೆಸ್ಸಿನ ಮೇಸ್ತ್ರಿ ಫೋನ್ ಮಾಡಿ ತಿಳಿಸಿದರು. ‘ಚಾವಿ’ ಪದಕ್ಕೆ ಇಡೀ ಒಂದು ಪುಟ ಸಿಕ್ಕಿದೆ. ಕೆಳಗೆ ‘ಸಂಗ್ರಹ’ ಎಂದು ನನ್ನ ಹೆಸರಿದೆ. ನಿನ್ನದಿಲ್ಲ.

ಅದು ಪೋರ್ಚುಗೀಸರಿಂದ ಬಂದ ಪದ ಎಂಬುದಷ್ಟೇ ಕಚೇರಿಗೆ ಗೊತ್ತಿತ್ತು. ಉಳಿದದ್ದೆಲ್ಲ ನೀನು ನಿಮ್ಮ ಬೀಗ ರಿಪೇರಿ ಅಂಗಡಿಯಲ್ಲಿ ಕೂತು ಎರಡು ವರ್ಷ ಕೂಡಿಸಿದ್ದು. ಬಂದ ಗಿರಾಕಿಗಳಿಗೆಲ್ಲ, ನಿಮ್ಮ ಭಾಷೆಯಲ್ಲಿ ಇದಕ್ಕೆ ಏನಂತೀರಿ, ಇದು ಗಂಡೋ ಹೆಣ್ಣೋ ಎಂದು ಕೇಳಿ ನೀನು ಚೀಟಿಗಳಲ್ಲಿ ಬರೆದುಕೊಳ್ಳುತ್ತಿದ್ದೆ. ಹಿಂದಿಯವರು ಚಾಬಿ ಎಂದರು, ಮರಾಠಿಯವರು ಚಾವಿ. ಇಬ್ಬರಿಗೂ ಅದು ಹೆಣ್ಣು, ಮೂಲದ ಪೋರ್ಚುಗೀಸಿನಲ್ಲಿ ಇದ್ದ ಹಾಗೇ. ತಮಿಳಿನ ದರ್ಜಿಗೆ ನಮ್ಮಂತೆ ಬರೀ ‘ಅದು’. ಭಾವ, “ಏನೇ, ಅದಕ್ಕೆ ಸಂಬಂಧ ಹುಡುಕ್ತಿದ್ದೀಯಾ?” ಎಂದು ಗೇಲಿ ಮಾಡಿದಾಗ, “ಹೂಂ, ನನಗೆ ಸಿಕ್ಕಿದ್ದಕ್ಕಿಂತ ಒಳ್ಳೇ ಕಡೆ ಕೊಡ್ತೀನಿ” ಅಂದಿದ್ದೆ ನೀನು.

ನಮ್ಮ ಕಚೇರಿಯಲ್ಲಿ ಪದ ತಂದವರ ಹೆಸರಿನ ಮೊದಲಕ್ಷರ ಚೀಟಿಯ ಮೂಲೆಯಲ್ಲಿ ಇರಬೇಕು. ನಿನ್ನ ಚೀಟಿಗಳ ತುಂಬ ಎಣ್ಣೆ, ಕರಿ ಬೆರಳಿನ ಗುರುತು. ಸಂಪಾದಕರಿಗೆ ಹಾಗೇ ಕೊಡಲು ನನಗೆ ನಾಚಿಕೆಯಾಯಿತು. ನೂರಾ ಹನ್ನೆರಡನ್ನೂ ಹೊಸದಾಗಿ ಬರೆದೆ. ಕೈ ಅಭ್ಯಾಸಕ್ಕೆ ಮೂಲೆಯಲ್ಲಿ ನನ್ನ ಅಕ್ಷರ ಬಿತ್ತು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಮೊದಲ ಒಂದೆರಡು ಚೀಟಿಗಳ ಮಟ್ಟಿಗೆ ಅದು ನಿಜ.

ಸಂಪಾದಕರು ಎಲ್ಲರೆದುರು, “ಪುಸ್ತಕ ನೋಡಿದ್ರೆ ಸಿಗೋದಲ್ಲಮ್ಮ ಇದು, ಬೀದಿ ಅಲೆದಿದ್ದೀಯ” ಎಂದರು. ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯ ಅಂದುಕೊಂಡರು.

ಕಳೆದ ಭಾನುವಾರ ನೀನು, “ನನ್ನ ಹೆಸರು ಚಿಕ್ಕದಾಗಾದ್ರೂ ಬರುತ್ತೇನೇ? ಮಗಳಿಗೆ ತೋರಿಸ್ಬೇಕು” ಎಂದು ಕೇಳಿದೆ. ನೋಡೋಣ ಎಂದು, ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋದೆ.

ಬೈಂಡಿಂಗಿಗೆ ಮೊದಲು ಆ ಪುಟವನ್ನು ಮತ್ತೆ ಅಚ್ಚು ಹಾಕಿಸಿ ಬದಲಿಸಲು ಇನ್ನೂ ಅವಕಾಶವಿದೆ. ಸೋಮವಾರ ಸಂಜೆಯೊಳಗೆ ಸಂಪಾದಕರ ಸಹಿ ಬೇಕು ಎಂದು ಮೇಸ್ತ್ರಿ ಹೇಳಿದ್ದಾರೆ. ನಿನ್ನ ಕೈಬರಹದ ಚೀಟಿಗಳನ್ನು ಎಸೆದಿಲ್ಲ, ಅವನ್ನೇ ತೋರಿಸುತ್ತೇನೆ. ಕ್ಷಮಿಸು ಎಂದು ಈಗಲೇ ಕೇಳುವ ಮುಖ ನನಗಿಲ್ಲ.

ನಿನ್ನ ತಂಗಿ

ತಾ.ಕ.: ಒಂದು ವಿಷಯ ಮೇಲೆ ಬರೆಯಲಿಲ್ಲ. ಆ ಪುಟವನ್ನೇ ಲಗತ್ತಿಸಿ ಉಪಸಂಪಾದಕಿ ಹುದ್ದೆಗೆ ಅರ್ಜಿ ಹಾಕಿದ್ದೇನೆ. ಸೋಮವಾರ ಹನ್ನೊಂದಕ್ಕೆ ಸಂದರ್ಶನ. ಸಂಪಾದಕರನ್ನು ಹತ್ತಕ್ಕೆ ಕಾಣುತ್ತೇನೆ.