ಎದ್ದು ನಿಲ್ಲದ ಚಿತ್ರ

ರಾಣೇಬೆನ್ನೂರು
೧೪-೧೧-೧೯೯೪

ಪ್ರೀತಿಯ ಮಗಳು ಜಾನಕಿಗೆ ಅಪ್ಪನ ಆಶೀರ್ವಾದಗಳು.

ಮೈಯಲ್ಲಿ ಹುಷಾರಾಗಿದ್ದೀಯಾ? ಹೈದರಾಬಾದಿನ ಊಟ ನಿನಗೆ ಒಗ್ಗಿತೋ ಇಲ್ಲವೋ ಎಂದು ನಿನ್ನ ಅವ್ವ ದಿನಾ ನನ್ನನ್ನೇ ಕೇಳುತ್ತಾಳೆ, ನಾನೇನೋ ಅಲ್ಲಿ ಉಂಡು ಬಂದವನ ಹಾಗೆ. ಇಲ್ಲಿ ಎಲ್ಲರೂ ಸೌಖ್ಯ.

ನಿನ್ನ ಜೀವಕೋಶದ ಚಿತ್ರ ಕನ್ನಡಕ ಹಾಕಿ ನೋಡಿದರೂ ಹಾಳೆಯಿಂದ ಎದ್ದು ನಿಲ್ಲುವುದಿಲ್ಲ, ಪ್ರಬಂಧಕ್ಕೆ ಹಾಕಬೇಡ ಎಂದು ಹೋದ ವಾರ ಬರೆದಿದ್ದೆ. ಅಪ್ಪ ಒಪ್ಪದ್ದನ್ನು ನೀನು ಹಾಕುವವಳಲ್ಲ. ಇಪ್ಪತ್ತೈದನೇ ತಾರೀಖಿನೊಳಗೆ ಪ್ರಬಂಧ ಒಪ್ಪಿಸಬೇಕಲ್ಲ, ಅದಕ್ಕೇ ಈ ಅವಸರದ ಪತ್ರ.

ಆ ಚಿತ್ರ ಕೈಗೆತ್ತಿಕೊಂಡರೆ ನಮ್ಮ ಶಾಲೆಯ ಒಂಟಿ ನಳಿಗೆಯ ಸೂಕ್ಷ್ಮದರ್ಶಕ ನೆನಪಾಗುತ್ತದೆ. ರವಿವಾರ ಬೀಗ ತೆಗೆದು, ಉಳ್ಳಾಗಡ್ಡಿಯ ಒಳಪೊರೆ ಸುಲಿದು ಗಾಜಿನ ಮೇಲೆ ಹಾಸಿಕೊಡುತ್ತಿದ್ದೆ. ನೀನು ಸ್ಟೂಲಿನ ಮೇಲೆ ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ. "ಮುಚ್ಚಬ್ಯಾಡವಾ, ಎರಡೂ ತಗದ ಇಡು, ಇಲ್ಲಾಂದ್ರ ಕಣ್ಣು ದಣೀತಾವ" ಎಂದು ನಾನು ಗದರಬೇಕು. ತಿರುಪು ತಿರುವಿದರೆ ಕೋಶದ ಮೇಲಿನ ಗೋಡೆ, ಇನ್ನಷ್ಟು ತಿರುವಿದರೆ ನಡುವಿನ ಕೇಂದ್ರ. ಒಂದು ಕಂಡರೆ ಇನ್ನೊಂದು ಮಸುಕು. "ಅಪ್ಪಾ, ಎಲ್ಲಾ ಕೂಡಿ ಒಮ್ಮೆಲೇ ಯಾಕ ಕಾಣಂಗಿಲ್ಲ?" ಎಂದು ಕೇಳಿದ್ದೆ. "ಸುಮ್ನ ನೋಡವಾ" ಎಂದು ನಾನು ನಿನ್ನ ತಲೆಗೊಂದು ಮೊಟಕಿದ್ದೆ. ಈಗ ನೀನು ಲೇಸರ್ ಬೆಳಕಿನಲ್ಲಿ, ಕೋಶವನ್ನು ಕೊಲ್ಲದೆ ಕೊಯ್ಯದೆ, ಪದರು ಪದರಾಗಿ ಚಿತ್ರ ತೆಗೆದು ಎಲ್ಲವನ್ನೂ ಕೂಡಿಸಿದ್ದೀ. ಹೆಮ್ಮೆಯಾಗುತ್ತದೆ ಮಗಳೇ, ಆ ದಿನಗಳು ಬಹಳ ನೆನಪಾಗುತ್ತವೆ.

ನೀನು ಕಳಿಸಿದ ಕೆಂಪು-ಹಸಿರು ಹಾಳೆಯ ಕನ್ನಡಕ ಹಾಕಿಕೊಂಡು ನಿನ್ನ ಅವ್ವ ಚಿತ್ರದ ಮೇಲೆ ಗಾಳಿಯಲ್ಲಿ ಕೈಯಾಡಿಸಿದಳು. ಪಕ್ಕದ ಮನೆಯ ಅಮೀರಬಿ, "ಅಯ್ಯ, ಗುಂಡಗ ಉಬ್ಬಿ ಹೊರಗ ಬಂದೈತ್ರಿ ಮಾಸ್ತರ!" ಎಂದರು. ಮಾಸ್ತರನಿಗೇ ಕಾಣದ್ದು ಇವರಿಗೇನು ಕಂಡೀತು ಎಂದು ನಕ್ಕುಬಿಟ್ಟೆ. ಅದೇ ಜಂಬದಲ್ಲಿ ನಿನಗೆ ಬರೆದದ್ದು.

ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವ ನಿನ್ನನ್ನು ಹರಸಿದ್ದಾಳೆ, ಅಮೀರಬಿ ನೆನೆಸಿದ್ದಾರೆ.

ನಿನ್ನ ಅಪ್ಪ,
ಬಾಳಕೃಷ್ಣ

ತಾ.ಕ.: ಎಲ್ಲರಿಗೂ ಕಂಡದ್ದು ನನಗೊಬ್ಬನಿಗೇ ಕಾಣದ್ದರಿಂದ ಸಂಶಯ ಬಂದು, ನಿನ್ನೆ ಯಾರಿಗೂ ಹೇಳದೆ ಹಾವೇರಿಗೆ ಹೋಗಿ ಕಣ್ಣು ತೋರಿಸಿದೆ. ಡಾಕ್ಟರರು ಬಲಗಣ್ಣು ಮುಚ್ಚಿ, "ಏನ ಕಾಣತದ್ರಿ?" ಎಂದರು. ಏನೂ ಕಾಣಲಿಲ್ಲ. ಮೂವತ್ತು ವರ್ಷ ನಳಿಗೆಯಲ್ಲಿ ಬಲಗಣ್ಣಿಟ್ಟೇ ನೋಡಿದವನಿಗೆ ಎಡಗಣ್ಣು ಹೋದದ್ದು ತಿಳಿದೇ ಇರಲಿಲ್ಲ. ಇನ್ನು ಅದಕ್ಕೆ ಔಷಧವಿಲ್ಲವಂತೆ. ಆ ಕನ್ನಡಕದಲ್ಲಿ ಚಿತ್ರ ಎದ್ದು ನಿಲ್ಲಬೇಕಾದರೆ ಎರಡೂ ಕಣ್ಣು ಬೇಕು. ಅವ್ವನಿಗೆ ನಾನೇ ಹೇಳುತ್ತೇನೆ. ಚಿತ್ರ ಹಾಕು ಜಾನಕಿ, ನನಗೆ ಕಾಣಲಿಲ್ಲವೆಂದು ಬಿಡಬೇಡ.