ಪೆನಾಂಗಿಗೆ ಐವತ್ತು ನಿಮಿಷ

ಮೇದಾನ್,
ಮಾರ್ಚ್ 14, 2024

ಪ್ರೀತಿಯ ತಂಗಿ ಲಾಸ್ಮಾ,

ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿಮ್ಮ ಮನೆಯಿಂದ ಬಂದು ಮೂರು ವಾರವಾಯಿತು, ಒಂದು ಸಾಲೂ ಬರೆದಿಲ್ಲ, ಕ್ಷಮಿಸು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಟ್ಟದ್ದು ಯಾವಾಗ? ನಿನಗೆ ಹೇಳಲೇಬೇಕಾದ ಒಂದು ಮಾತು ಹೊತ್ತು ಪೆನಾಂಗಿಗೆ ಬಂದಿದ್ದೆ, ಹಾಗೇ ಹೊತ್ತುಕೊಂಡು ವಾಪಸಾದೆ. ಅದನ್ನು ಕೊನೆಗೆ ಬರೆಯುತ್ತೇನೆ. ಈಗಲೇ ಕೆಳಗೆ ಕಣ್ಣು ಹಾಯಿಸಬೇಡ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ!

ಮೊದಲು ನಗುವ ಸುದ್ದಿ. ಅಲ್ಲಿ ನನ್ನ ವಿಮಾನ ಹೊರಟದ್ದು ಹನ್ನೊಂದು ಇಪ್ಪತ್ತಕ್ಕೆ ತಾನೇ? ಇಲ್ಲಿ ಇಳಿದಾಗ ಗೋಡೆ ಗಡಿಯಾರದಲ್ಲಿ ಹನ್ನೊಂದು ಹತ್ತು! ನಿಮ್ಮ ಗಡಿಯಾರ ಒಂದು ಗಂಟೆ ಮುಂದೆ ಅಂತ ಗೊತ್ತಿದ್ದೂ ಬೆಪ್ಪಾಗಿ ನಿಂತುಬಿಟ್ಟೆ. ಪಕ್ಕದ ಮನೆಯ ರುಸ್ಮಿನಿಗೆ ಹೇಳಿದರೆ, "ಹಾಗಾದ್ರೆ ದಿನಾ ಹೋಗಿ ಬನ್ನಿ ಟೀಚರ್, ವಯಸ್ಸೂ ಇಳಿಯುತ್ತೆ" ಅಂದಳು. ನೀನು ಕೊಟ್ಟ ಜಾಯಿಕಾಯಿ ಮಿಠಾಯಿಯಲ್ಲಿ ಅರ್ಧ ಆ ಬಾಯಿಬಡುಕಿಯ ಪಾಲಾಯಿತು.

ಇನ್ನೂರನಲವತ್ತು ಕಿಲೋಮೀಟರು, ಐವತ್ತು ನಿಮಿಷ. ಇಲ್ಲಿಂದ ಅಷ್ಟೇ ದೂರದ ಬಲಿಗೆ ಊರಿಗೆ ಬಸ್ಸಿನಲ್ಲಿ ಹೋದರೆ ಆರು ಗಂಟೆ ಸೊಂಟ ಮುರಿಯುತ್ತದೆ. ವಿಮಾನದಲ್ಲಿ ಒಂದು ಲೋಟ ನೀರು ಕುಡಿದು ಮುಗಿಸುವಷ್ಟರಲ್ಲಿ ಬೆಲ್ಟ್ ಹಾಕಿಕೊಳ್ಳಿ ಅಂದರು. ಹತ್ತೊಂಬತ್ತು ವರ್ಷ ದೂರ ದೂರ ಅಂತ ಬರದೇ ಕೂತವಳು ನಾನು. ನಿನ್ನ ಗಂಡ ಬೂನ್ ಲೆಂಗ್ ನನ್ನ ಚೀಲ ಎತ್ತಿಕೊಳ್ಳುತ್ತಾ, "ಅಂತೂ ದಾರಿ ಸಿಕ್ತಾ ಅಕ್ಕಾ?" ಅಂದರಲ್ಲ, ನಗುತ್ತಲೇ ಅಂದರೂ ಸರಿಯಾಗಿ ತಾಗಿತು.

ಆದರೂ ಎಂಥ ಸುಖದ ನಾಲ್ಕು ದಿನ! ನಿನ್ನ ಮಗಳು ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕಿದ್ದು, ನಾವಿಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿ ಚಿಕ್ಕ ಹುಡುಗಿಯರ ಹಾಗೆ ಕಿಸಿಕಿಸಿ ನಕ್ಕಿದ್ದು. ಕೊನೆಯ ದಿನ ಹುಳಿ ಲಕ್ಸಾ ಸಾರು ಬಡಿಸುತ್ತಾ ನೀನಂದೆ: "ಅಮ್ಮ ನರಳ್ಲಿಲ್ಲ, ಇದ್ದಕ್ಕಿದ್ದಂಗೆ ಹೋಗ್ಬಿಟ್ಲು. ಅದೊಂದೇ ಸಮಾಧಾನ ಅಕ್ಕ." ಆಗಲೇ ಹೇಳಬೇಕಿತ್ತು. "ಇನ್ನೊಂದು ಸೌಟು ಹಾಕು" ಅಂದೆ.

ದೇವರು ನಿನ್ನನ್ನೂ ನಿನ್ನವರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ತಿಯುರ್ಮಾ

ಮರೆತದ್ದಲ್ಲ, ಬೇಕೆಂದೇ ಕೊನೆಗಿಟ್ಟದ್ದು: ಅಮ್ಮ ಇದ್ದಕ್ಕಿದ್ದಂತೆ ಹೋಗಲಿಲ್ಲ. ಮೂರು ದಿನ ನಿನಗಾಗಿ ಕಾದಳು. ಮಕ್ಕಳು ಒಬ್ಬೊಬ್ಬರಾಗಿ ತಾಯಿಗೆ ತುತ್ತಿಟ್ಟು ಆಶೀರ್ವಾದ ಪಡೆಯುವ ಕೊನೆಯ ಊಟವನ್ನು ಬಡಿಸಿದ್ದೆ. ನನ್ನ ತುತ್ತು ನುಂಗಿ, "ಇನ್ನೊಂದು ಲಾಸ್ಮಾದು, ಅವಳು ಬರ್ಲಿ" ಅಂತ ಬಾಯಿ ಮುಚ್ಚಿಕೊಂಡಳು. "ಬಲು ದೂರ ಅಮ್ಮ, ವಿಮಾನ ಇಲ್ಲ" ಅಂದೆ. ದಿನಾ ಇತ್ತು. ಮಣ್ಣಿಗೆ ನೀನು ಬಂದದ್ದೂ ಅದರಲ್ಲೇ. ನೀನು ಫೋನ್ ಮಾಡಿದಾಗ "ಆರಾಮಿದ್ದಾಳೆ" ಅಂದುಬಿಟ್ಟೆ. ಎಂಟು ವರ್ಷ ಅವಳ ಹಾಸಿಗೆ ಬದಲಿಸಿದವಳು ನಾನು, ಅವಳ ಬಾಯಲ್ಲಿ ಬರೀ ನಿನ್ನ ಹೆಸರು. ಹೊಟ್ಟೆ ಉರಿಯಿತು ಕಣೇ. ಮೂರನೇ ದಿನ, "ಲಾಸ್ಮಾ ಬಂದ್ಲು ನೋಡಮ್ಮ" ಅಂತ ನಿನ್ನ ತುತ್ತನ್ನೂ ನಾನೇ ಇಟ್ಟೆ. ಕಣ್ಣು ಮಬ್ಬು, ಕಿವಿ ಮಂದ; ನಂಬಿದಳು. ನನ್ನ ತಲೆಯ ಮೇಲೆ ಕೈಯಿಟ್ಟು, "ಅಷ್ಟು ದೂರದಿಂದ ಬಂದ್ಯಲ್ಲ ಲಾಸ್ಮಾ, ತಣ್ಣಗಿರು ಮಗಳೇ" ಅಂದಳು. ಆ ಆಶೀರ್ವಾದ ನಿನ್ನದು. ಇಷ್ಟು ವರ್ಷ ನಾನು ಇಟ್ಟುಕೊಂಡಿದ್ದೆ.